ಬ್ರೇಕು ಗಟ್ಟಿಯಾಗುವವರೆಗೆ

ಸೀಮೆಎಣ್ಣೆಯಲ್ಲಿ ತೊಳೆದ ಕಬ್ಬಿಣದ ವಾಸನೆ ಬಂದರೆ ಈಗಲೂ ನನ್ನ ಬಲಗಾಲು ತಾನಾಗಿ ಮುಂದಕ್ಕೆ ಚಾಚಿಕೊಳ್ಳುತ್ತದೆ. ಹೋದ ವಾರ ಹುಮನಾಬಾದಿನ ನಮ್ಮ ಅಂಗಳದಲ್ಲಿ ಯಜಮಾನರು ಕಾರಿನ ಮುಂದಿನ ಗಾಲಿ ಬಿಚ್ಚಿಕೊಂಡು ಕುಳಿತಿದ್ದರು. ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು, ಅದರ ಘಮವನ್ನು ದಾಟಿಕೊಂಡು ಆ ವಾಸನೆ ಅಡುಗೆಮನೆಗೆ ಬಂತು. "ಬ್ರೇಕ್ ಪ್ಯಾಡ್ ಪೂರಾ ಸವದಾವ ನೋಡು, ಬಿಲ್ಲಿ ಹಂಗ ತೆಳ್ಳಗ ಆಗ್ಯಾವ" ಎಂದು ಅವರು ಕೂಗಿ ಹೇಳಿದರು. ನಾನು ಉರಿ ಸಣ್ಣ ಮಾಡಿ, ಸೆರಗಿಗೆ ಕೈ ಒರೆಸಿಕೊಂಡು ಬಾಗಿಲಿಗೆ ಬಂದವಳು ಅಲ್ಲೇ ನಿಂತುಬಿಟ್ಟೆ. ಕಣ್ಣ ಮುಂದಿದ್ದುದು ಈ ಅಂಗಳವಲ್ಲ, ಬಸವಕಲ್ಯಾಣದ ನನ್ನ ತವರಿನ ಅಂಗಳ.

ಆ ಮನೆ ಈಗಿಲ್ಲ. ಅದಿದ್ದ ಜಾಗದಲ್ಲಿ ಸಾಲು ಅಂಗಡಿಗಳ ಶಟರುಗಳಿವೆ. ನಿಮ್ಮಲ್ಲೂ ಇಂಥ ಮನೆ ಕಳೆದುಕೊಂಡವರು ಇರುತ್ತೀರಿ. ಬಸ್ಸಿನ ಕಿಟಕಿಯಿಂದ ಆ ಜಾಗ ದಾಟುವಾಗ ಕತ್ತು ತಾನಾಗಿ ಹೊರಳುವುದು ನಿಮಗೂ ಗೊತ್ತು. ಫರಸಿ ಕಲ್ಲು ಹಾಸಿದ ನಮ್ಮ ಅಂಗಳ ಮನೆಯ ಕಡೆಗೆ ಎತ್ತರ, ಬೀದಿ ಬಾಗಿಲ ಕಡೆಗೆ ಇಳಿಜಾರು. ಮೇಲ್ಗಡೆ ಬೇವಿನ ನೆರಳಿನಲ್ಲಿ ಅಪ್ಪನ ಹಳೆಯ ಬಿಳಿ ಕಾರು ನಿಲ್ಲುತ್ತಿತ್ತು. ಅಪ್ಪನದು ಪೇಟೆಯಲ್ಲಿ ಪಾತ್ರೆ-ಭಾಂಡೆ ಅಂಗಡಿ. ಹಿತ್ತಾಳೆ ಕೊಡದ ತಗ್ಗನ್ನು ಬೆರಳಿನಿಂದ ತಟ್ಟಿ ಕಂಡುಹಿಡಿಯುವ ಆ ಕೈ, ಕಾರಿನ ಕೆಲಸವನ್ನೂ ಬೇರೆಯವರಿಗೆ ಬಿಡುತ್ತಿರಲಿಲ್ಲ. "ನನ್ನ ಮಂದಿ ಕೂಡೋ ಗಾಡಿ, ನನ್ನ ಕೈಲೇ ಆಗಬೇಕು" ಎನ್ನುತ್ತಿದ್ದ.

ಗಾಲಿ ಕಿರ್ರೆಂದು ಅಳತೊಡಗಿದರೆ ಮುಂದಿನ ಸೋಮವಾರ ಅಂಗಡಿಗೆ ರಜೆ. ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಜಾಕಿ ಏರಿಸಿ, ಗಾಲಿ ತೆಗೆದು, ಸವೆದ ಪ್ಯಾಡುಗಳನ್ನು ಎಳೆದು ಹೊರಗೆ ಹಾಕುತ್ತಿದ್ದ. ಬೋಲ್ಟುಗಳನ್ನು ಸೀಮೆಎಣ್ಣೆಯ ತಾಟಿನಲ್ಲಿ ತೊಳೆಯುತ್ತಿದ್ದ; ಹೊಸ ಪ್ಯಾಡುಗಳ ಹತ್ತಿರ ಮಾತ್ರ ಆ ತಾಟು ಸುಳಿಯುವಂತಿರಲಿಲ್ಲ. ಹೊಸ ಪ್ಯಾಡು ದಪ್ಪ. ಅದಕ್ಕೆ ಜಾಗವಾಗಲಿ ಎಂದು ಪ್ಯಾಡನ್ನು ನೂಕುವ ಒಳಗಿನ ಪಿಸ್ಟನ್ ಗುಂಡನ್ನು ಹಿಂದಕ್ಕೆ ಒತ್ತುತ್ತಿದ್ದ. ಹಾಗೆ ಒತ್ತಿದ ಮೇಲೆ ಬ್ರೇಕಿನ ಪೆಡಲು ಸತ್ತಂತೆ ಮೆತ್ತಗಾಗುತ್ತದೆ. ಅದಕ್ಕೆ ಜೀವ ತರುವುದು ನನ್ನ ಕೆಲಸ. ಹತ್ತು ವರ್ಷದ ನಾನು ಸೀಟಿನ ಅಂಚಿಗೆ ಜಾರಿ ಕುಳಿತು, ಸ್ಟೇರಿಂಗ್ ಹಿಡಿದು, ಒಂದೊಂದು ಒತ್ತಿಗೆ ಒಂದೊಂದು "ಓಂ ನಮಃ ಶಿವಾಯ" ಹೇಳುತ್ತಿದ್ದೆ. ಪೆಡಲು ಮೆಲ್ಲಗೆ ಮೇಲೇರಿ ಗಟ್ಟಿಯಾಗುತ್ತಿತ್ತು. ಆಗ ಬಾನೆಟ್ಟಿನ ಆಚೆಯಿಂದ ಅಪ್ಪನ ಮಸಿ ಹತ್ತಿದ ಅಂಗೈ ಮೇಲೆದ್ದು ನಿಲ್ಲುತ್ತಿತ್ತು. ಸಾಕು ಎಂದರ್ಥ. ಮುಖ ಕಾಣುತ್ತಿರಲಿಲ್ಲ, ಅಂಗೈಯಷ್ಟೇ. ಅದಾದ ಮೇಲೆ ಅಪ್ಪನ ಅವ್ವ, ನಮ್ಮ ಆಯಿ, ಪೂಜೆಯ ತಾಟು ತಂದು ಬಾನೆಟ್ಟಿಗೆ ವಿಭೂತಿ ಎಳೆದು ಗಾಲಿಯ ಕೆಳಗೆ ನಿಂಬೆಹಣ್ಣು ಇಡುತ್ತಿದ್ದಳು.

ಆ ಒಂದು ಸೋಮವಾರ ಮಾತ್ರ ಹಿಂದುಮುಂದಾಯಿತು. ಗಾಲಿ ಕೂಡಿಸಿ ಜಾಕಿ ಇಳಿಸಿದ ಅಪ್ಪ, "ನಾ ಕೈ ತೊಳಕೊಂಡು ಬರ್ತೀನಿ. ನೀ ಒತ್ತಾಕ ಹತ್ತು, ಗಟ್ಟಿ ಆಗೋತನಕ ಬಿಡಬ್ಯಾಡ" ಎಂದು ಹಿತ್ತಲಿಗೆ ಹೋದ. ನಾನು ಹತ್ತಿ ಕೂರುವಷ್ಟರಲ್ಲಿ ಆಯಿ ಉಪವಾಸದ ಅವಸರದಲ್ಲಿ ತಾಟು ಹಿಡಿದು ಬಂದವಳೇ ವಿಭೂತಿ ಎಳೆದುಬಿಟ್ಟಿದ್ದಳು. ಪೆಡಲಿನ ಮೇಲಿದ್ದ ನನ್ನ ಕಾಲು ನೋಡಿ ಅವಳ ಕಣ್ಣುಗಳು ದೊಡ್ಡವಾದವು.

"ಏ ಹುಚ್ಚಿ, ಕಾಲು ತಗೀ! ಪೂಜಿ ಆದ ಮ್ಯಾಗ ದೇವರಿಗೆ ಒದೀತಿಯೇನು?"

ನಾನು ಇಳಿದೆ. ಆಯಿ ನಿಂಬೆಹಣ್ಣು ಇಟ್ಟು, ಇಳಿಜಾರಿನ ತುದಿಗೆ ಬಿಸಿಲಲ್ಲಿ ಕುಳಿತು ತೊಗರಿಬೇಳೆಯ ಮೊರ ಎಳೆದುಕೊಂಡಳು. ಅಪ್ಪ ಬಂದು ಕೇಳಿದ: "ಒತ್ತಿದಿ?"

"ಹೂಂ" ಅಂದು ತಲೆಯಾಡಿಸಿದೆ. ಆಯಿ ಮೊರದಿಂದ ತಲೆಯೆತ್ತಿ ನಮ್ಮನ್ನೇ ನೋಡುತ್ತಿದ್ದಳು. ಆಯಿಯ ಎದುರು ಇಲ್ಲ ಎನ್ನಲು ಅಂಜಿಕೆ ಒಂದು. ಇನ್ನೊಂದು, ಪೂಜೆಯಾಗಿದೆಯಲ್ಲ, ಉಳಿದದ್ದನ್ನು ಶಿವ ನೋಡಿಕೊಳ್ಳುತ್ತಾನೆ ಎಂದು ನಿಜವಾಗಿ ನಂಬಿದ್ದೆ.

ಅಪ್ಪ ಕಲ್ಲು ತೆಗೆದು ಒಳಗೆ ಕುಳಿತ. ಕಾರು ಸರಿಯಿತು, ನಿಂಬೆಹಣ್ಣು ಪಚಕ್ಕೆಂದಿತು. ಅಲ್ಲಿ ನಿಲ್ಲಬೇಕಿದ್ದ ಗಾಡಿ ನಿಲ್ಲಲಿಲ್ಲ. ಅಪ್ಪನ ಮೊಣಕಾಲು ಒಮ್ಮೆ, ಇನ್ನೊಮ್ಮೆ ಏರಿಳಿದದ್ದು ಕಂಡೆ. ಆಯಿಗೆ ಕಿವಿ ಮಂದ. ಮತ್ತೆ ತಲೆ ತಗ್ಗಿಸಿ ಬೇಳೆ ಹಸನು ಮಾಡುತ್ತಿದ್ದಳು. "ಅವ್ವಾ!" ಎಂದು ಅಪ್ಪ ಕೂಗಿದ ದನಿ ನಾನು ಅದಕ್ಕೂ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಕೈಬ್ರೇಕು ಕರ್ರೆಂದಿತು. ಮೊರ ಗಾಲಿಯ ಕೆಳಗೆ ಹೋಯಿತು, ಬೇಳೆ ಫರಸಿಯ ತುಂಬ ಚೆಲ್ಲಿತು. ಗಾಲಿಗೂ ಆಯಿಯ ಮೊಣಕಾಲಿಗೂ ನಡುವೆ ಒಂದು ಗೇಣು. ಆ ಗೇಣನ್ನು ನಾನು ಇಂದಿಗೂ ಪೂಜೆಗೆ ಕುಳಿತಾಗ ನೆನೆಯುತ್ತೇನೆ.

ಅಪ್ಪ ಇಳಿದು ಬಂದ. ಮುಖ ಬೂದಿಯಾಗಿತ್ತು. ಬಾಯಿ ತೆರೆಯುವ ಮೊದಲೇ ಆಯಿ ಅಂದಳು: "ಪೋರಿಗೆ ಬೈಬ್ಯಾಡ. ನಾನೇ ಇಳಿಸಿದೆ." ಆಮೇಲೆ ಮುರಿದ ಮೊರ ಎತ್ತಿ ನೋಡಿ, "ನಿನ್ನ ಗಾಡಿಗೆ ಹಸಿವಾಗಿತ್ತೇನೋ, ನನ್ನ ಬ್ಯಾಳಿಗೆ ಬಂತು" ಎಂದಳು. ಅಪ್ಪ ನಗಲಿಲ್ಲ. ಅವಳ ಕಾಲ ಹತ್ತಿರ ಕುಕ್ಕರಗಾಲಲ್ಲಿ ಕುಳಿತು ಬೇಳೆ ಬಾಚತೊಡಗಿದ. ನಾನೂ ಆರಿಸಲು ಕುಳಿತೆ. ಅಪ್ಪ ಒಳಗೆ ಹೋದ ಮೇಲೆ ಆಯಿ, ಕೈ ನಿಲ್ಲಿಸದೆ, ನನಗಷ್ಟೇ ಕೇಳುವಂತೆ ಹೇಳಿದಳು: "ಕಾಲು ತಗೀ ಅಂತ ನಾ ಅಂದಿದ್ದೆ, ಖರೆ. ಹೂಂ ಅನ್ನು ಅಂತ ಅಂದಿದ್ದಿಲ್ಲ."

ಆ ಮಾತು ನನ್ನೊಳಗೆ ಒಂದು ವರ್ಷ ಕುಳಿತಿತ್ತು. ಅಪ್ಪ ಇನ್ನು ನನ್ನನ್ನು ಆ ಸೀಟಿಗೆ ಕರೆಯುವುದಿಲ್ಲ ಎಂದೇ ತಿಳಿದಿದ್ದೆ. ಗಾಲಿ ಮತ್ತೆ ಅತ್ತಿತು, ಮತ್ತೆ ಸೋಮವಾರ ಬಂತು, ಹೊಸ ಪ್ಯಾಡು ಕೂತವು. "ಬಾರವ್ವ, ಒತ್ತು ಬಾ" ಎಂದು ಅಪ್ಪ ಬಾಗಿಲು ತೆಗೆದು ಹಿಡಿದ. ನನಗೆ ಅಳು ಬಂತು. "ಅಪ್ಪಾ, ಆವತ್ತ ನಾ ಸುಳ್ಳು ಹೇಳಿದ್ದೆ."

"ಗೊತ್ತದ. ಪೆಡಲ್ಲೇ ಹೇಳಿತ್ತು" ಎಂದ ಅಪ್ಪ. "ಹತ್ತು ಈಗ."

ಕಟ್ಟೆಯ ಮೇಲೆ ಆಯಿ ತಾಟು ಹಿಡಿದು ನಿಂತಿದ್ದಳು. "ಸಾವಕಾಶ ಒತ್ತು ಮಗಾ. ದೇವರು ಅಲ್ಲೀತನಕ ನಿಂದರತಾನ" ಎಂದಳು. ನಾನು ಒತ್ತಿದೆ. ಅಂಗೈ ಎದ್ದಿತು.

ನಾನು ಲಗ್ನವಾಗಿ ಹುಮನಾಬಾದಿಗೆ ಬಂದ ವರ್ಷವೇ ಆಯಿ ಹೋದಳು, ಕುಳಿತಲ್ಲಿಯೇ, ನೋವಿಲ್ಲದೆ. ಅಪ್ಪ ಹೋದದ್ದು ಅದಾಗಿ ಎಷ್ಟೋ ವರ್ಷಕ್ಕೆ. ಕಾರು ಯಾರ ಪಾಲಾಯಿತೋ ತಿಳಿಯದು. ನನ್ನ ಪಾಲಿಗೆ ಒಂದು ಸವೆದ ಪ್ಯಾಡು ಉಳಿದಿದೆ. ಅಪ್ಪ ಅದನ್ನು ಅಂಗಡಿಯಲ್ಲಿ ಕಾಗದ ಹಾರದಂತೆ ಇಡುತ್ತಿದ್ದ. ಇಷ್ಟಾದರೂ ಉಳಿಸಿದನಲ್ಲ ಶಿವ ಎಂದುಕೊಳ್ಳುತ್ತೇನೆ.

ಹೋದ ವಾರ ಯಜಮಾನರು ಕೇಳುವ ಮೊದಲೇ ನಾನು ಕಾರಿನೊಳಗೆ ಹೋಗಿ ಕುಳಿತೆ. ಒಂದೊಂದೇ ನಾಮ ಹೇಳುತ್ತ ಒತ್ತಿದೆ. ಪೆಡಲು ಬೇಗ ಗಟ್ಟಿಯಾಯಿತು, ಕಾಲಿಗೆ ತಿಳಿಯಿತು. ಆದರೂ ಬಿಡಲಿಲ್ಲ.

"ಗಟ್ಟಿ ಆಗಿಲ್ಲೇನ ಇನ್ನಾ?" ಎಂದರು ಯಜಮಾನರು ಹೊರಗಿನಿಂದ.

"ಆಗ್ಯಾದ್ರಿ" ಅಂದೆ. ಬಾನೆಟ್ಟಿನ ಆಚೆ ಬಿಸಿಲಷ್ಟೇ ಇತ್ತು, ಯಾವ ಅಂಗೈಯೂ ಏಳಲಿಲ್ಲ. ಅತ್ತಲೇ ನೋಡುತ್ತ ಇನ್ನೊಮ್ಮೆ ಒತ್ತಿದೆ.