ಮೆಣಸಿನ ರಾಶಿ, ಕಂಬದ ಹಿಂದಿನ ಚಾಪೆ

ಬಿಸಿನೀರಿನ ರಬ್ಬರ್ ಚೀಲದ ಅಂಚಿಗೆ ಒಂದು ಮೆಣಸಿನ ಬೀಜ ಅಂಟಿಕೊಂಡಿತ್ತು. ಹೋದ ವರ್ಷದ್ದು. ಅದನ್ನು ಉಗುರಿನಿಂದ ಕೆರೆದು ತೆಗೆದೆ. ಚೀಲವನ್ನು ಟವೆಲಿನಲ್ಲಿ ಸುತ್ತಿ ಬ್ಯಾಗಿನ ತಳಕ್ಕಿಟ್ಟು ಹಾವೇರಿಯ ಬಸ್ ನಿಲ್ದಾಣಕ್ಕೆ ನಡೆದೆ. ಫೆಬ್ರುವರಿಯ ಬೆಳಿಗ್ಗೆ, ಚಳಿ ಇನ್ನೂ ಹೋಗಿರಲಿಲ್ಲ.

ಪ್ರತಿ ವರ್ಷ ಈ ಹೊತ್ತಿಗೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಕೊಂಡು ರಾಣೆಬೆನ್ನೂರಿನ ಮೌಶಿಯ ಮನೆಗೆ ಒಯ್ಯುವುದು ನಮ್ಮ ರೂಢಿ. ಅಲ್ಲಿ ತೊಟ್ಟು ಬಿಡಿಸಿ, ಮತ್ತೆ ಬಿಸಿಲಿಗೆ ಹಾಕಿ, ಎರಡೂ ಮನೆಗೆ ವರ್ಷದ ಖಾರ ಕುಟ್ಟಿಸುತ್ತೇವೆ. ಮೌಶಿ ಅಮ್ಮನ ತಂಗಿ. ನನ್ನ ಶಾಲೆಯ ದಿನಗಳೆಲ್ಲ ಆಕೆಯ ಮನೆಯಲ್ಲೇ ಕಳೆದವು.

ಈ ಸಲ ಆಕೆಗೆ ಒಂದು ಮಾತನ್ನೂ ಹೇಳಬೇಕಿತ್ತು. ತಿಂಗಳು ತಿಂಗಳು ಬರುವ ನನ್ನ ಹೊಟ್ಟೆನೋವಿಗೆ ಹೆಸರು ಸಿಕ್ಕಿತ್ತು: ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥದ್ದೇ ಅದರ ಹೊರಗೂ ಬೆಳೆಯುತ್ತದೆ ಎಂದು ಹುಬ್ಬಳ್ಳಿಯ ವೈದ್ಯೆ ಚಿತ್ರ ಬರೆದು ತೋರಿಸಿದ್ದರು. ಮೌಶಿ ನಂಬುತ್ತಾಳೆಯೇ ಎಂಬುದೇ ನನ್ನ ಚಿಂತೆ. "ಎಲ್ಲಾರಿಗೂ ಬರತಾವ ಬಿಡವಾ" ಎಂದು ಆಕೆ ಮತ್ತೊಮ್ಮೆ ಅಂದರೆ ಇನ್ನು ಯಾರಿಗೂ ಹೇಳಲಾರೆ ಎನಿಸಿತ್ತು. ಆ ಮಾತು ಕೇಳಿ ಕೇಳಿ ನನಗೇ ನನ್ನ ಮೇಲೆ ಅನುಮಾನ ಹುಟ್ಟಿತ್ತು. ನೋವು ಬಂದಾಗ ಕನ್ನಡಿಯ ಮುಂದೆ ನಿಂತು, ಮುಖ ತಾನಾಗಿ ಕಿವುಚಿಕೊಂಡಿದೆಯೋ ನಾನೇ ಕಿವುಚುತ್ತಿದ್ದೇನೆಯೋ ಎಂದು ನೋಡಿಕೊಳ್ಳುತ್ತಿದ್ದೆ.

ಹೆಂಗಸರಿಗೆ ಕೊಡುವ ಶೂನ್ಯ ದರದ ಟಿಕೆಟ್ ಹರಿದು ಕೊಟ್ಟ ಕಂಡಕ್ಟರ್ ಹಿಂದಕ್ಕೆ ಹೋದರು. ಮೋಟೆಬೆನ್ನೂರಿನಲ್ಲಿ ಬಸ್ಸು ಹೆದ್ದಾರಿ ಬಿಟ್ಟು ತಿರುಗಿ ಸ್ವಲ್ಪ ಹೊತ್ತಿಗೇ ಘಾಟು ಮೂಗಿಗೆ ತಟ್ಟಿತು. ಚಿಕ್ಕವಳಿದ್ದಾಗ ಇಲ್ಲಿಂದ ಮುಂದೆ ಮೌಶಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂರುತ್ತಿದ್ದೆ. ಆ ಸೆರಗಿಗೆ ಒಗ್ಗರಣೆಯ ವಾಸನೆ.

"ಕಡ್ಡಿನೋ, ಡಬ್ಬಿನೋ?" ಬ್ಯಾಡಗಿಯ ಅಂಗಡಿಯವರು ಉದ್ದನೆಯ ಕಾಯಿ, ದಪ್ಪನೆಯ ಕಾಯಿ ಎರಡನ್ನೂ ತೋರಿಸಿ ಕೇಳಿದರು.

"ಅರ್ಧ ಅರ್ಧ ಕೊಡ್ರಿ."

"ಮೌಶ್ಯಾರು ಬರಲಿಲ್ಲೇನ್ರಿ? ಬಂದಿದ್ರ ಇಷ್ಟೊತ್ತಿಗೆ ಎಲ್ಲಾ ಚೀಲಾ ಸುರುವಿಸಿ ನೋಡತಿದ್ರು!"

ಮೌಶಿಗೆ ಈಗ ಮೊಣಕಾಲು ನೋವು ಎಂದೆ. ಅದನ್ನು ಹೇಳುವುದು ಎಷ್ಟು ಸುಲಭವಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ರಾಣೆಬೆನ್ನೂರು. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಉಂಡು ಪಡಸಾಲೆಗೆ ಬಂದೆ. ಅಲ್ಲಿ ಕಂಬದ ಹಿಂದೆ ಒಂದು ಮೂಲೆ ಇದೆ. ಮುಟ್ಟಾದವರು ಮುಟ್ಟಿದರೆ ವರ್ಷದ ಖಾರ ಕೆಡುತ್ತದೆಂದು ಆ ದಿನಗಳಲ್ಲಿ ನನ್ನನ್ನು ಅಲ್ಲಿ ಚಾಪೆ ಹಾಸಿ ಕೂರಿಸುತ್ತಿದ್ದರು. ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿ, ಹೆಂಗಸರ ನಗೆಯನ್ನೂ ತೊಟ್ಟು ಮುರಿಯುವ ಚಿಟಚಿಟ ಸದ್ದನ್ನೂ ಕೇಳುತ್ತಿದ್ದೆ. ಯಾರೂ ಏಳು ಅನ್ನುತ್ತಿರಲಿಲ್ಲ. ಆಮೇಲೆ ಮೌಶಿ ತಾನಾಗಿಯೇ ಆ ಪದ್ಧತಿ ಬಿಟ್ಟಳು, ಬಿಟ್ಟದ್ದು ಸರಿಯೇ. ಆದರೆ ಚಾಪೆಯೂ ಹೋಯಿತು. ಅಂದಿನಿಂದ ನಾನು ಎಲ್ಲರ ಜೊತೆ ಕೂತು ತೊಟ್ಟು ಬಿಡಿಸುತ್ತಿದ್ದೆ, ಹಲ್ಲು ಕಚ್ಚಿಕೊಂಡು.

ಈ ಸಲವೂ ಕೂತೆ. ಪಕ್ಕದ ಮನೆಯ ಅಮೀನಾ ಚಾಚಿ ಎದುರಿಗಿದ್ದರು. ರಾಶಿ ಕಾಲು ಭಾಗವೂ ಕರಗಿರಲಿಲ್ಲ, ಸೊಂಟದಿಂದ ಕೆಳಕ್ಕೆ ನೋವು ಹರಡತೊಡಗಿತು. ಸಿದ್ಧ ಮಾಡಿಕೊಂಡಿದ್ದ ವಾಕ್ಯ ಯಾವುದೂ ನೆನಪಾಗಲಿಲ್ಲ.

"ಮೌಶಿ, ಆ ಮೂಲ್ಯಾಗ ಚಾಪಿ ಹಾಸಲೇನು?"

ಮೌಶಿಯ ಕೈ ನಿಂತಿತು. "ಯಾಕ? ಮುಟ್ಟಬ್ಯಾಡ ಅಂದೆನೇನ ನಾ? ಅದನ್ನೆಲ್ಲಾ ಬಿಟ್ಟು ಎಷ್ಟ ವರ್ಷಾತು!"

"ಅದಕ್ಕಲ್ಲ. ಮಕ್ಕೋಬೇಕು. ಕುಂದ್ರಾಕ ಆಗವಲ್ದು."

ಆಮೇಲೆ ಹೆಸರು ಹೇಳಿದೆ. ವೈದ್ಯೆ ಹೇಳಿದ್ದನ್ನೂ ಹೇಳಿದೆ.

"ಅಲ್ಲಾ! ಇಷ್ಟುದ್ದ ಹೆಸರು ಬಸ್ಸಿನ ಬೋರ್ಡಿಗೂ ಹಿಡಸಂಗಿಲ್ಲ," ಎಂದರು ಚಾಚಿ. ನಕ್ಕವರು ನನ್ನ ಹಣೆ ನೋಡಿ ನಿಲ್ಲಿಸಿದರು. "ನಮಗೂ ಬರತಿತ್ತು ಬೇಟಿ. ಹಿಂಗ ಬೆವರತಿರಲಿಲ್ಲ."

ಮೌಶಿ ಕೈಯಲ್ಲಿದ್ದ ಮೆಣಸಿನಕಾಯಿಯನ್ನು ಕೆಳಗಿಡಲಿಲ್ಲ. "ಸಣ್ಣಾಕಿದ್ದಾಗ ಅಲ್ಲೆ ಮಕ್ಕೊಂತಿದ್ದೆಲ್ಲಾ, ಆವಾಗೂ ಹಿಂಗ ಇತ್ತೇನು?"

"ಇತ್ತು."

"ಕೆಲಸಾ ತಪ್ಪಿಸಾಕ ಮಕ್ಕೊಂಡಾಳ ಅಂದ್ಕೊಂತಿದ್ದೆ ನಾ."

ನಾನು ಹೆದರಿದ್ದ ಮಾತು ಬರಲಿಲ್ಲ. ಆಕೆ ಎದ್ದು, ಮೊಣಕಾಲು ಹಿಡಿದುಕೊಂಡು ಒಳಗೆ ಹೋಗಿ ಚಾಪೆ ತಂದಳು.

ಮರುದಿನ ಬೆಳಿಗ್ಗೆ ಎಚ್ಚರವಾದಾಗ ಮೆಣಸಿನ ರಾಶಿ ಕಂಬದ ಹತ್ತಿರ ಬಂದಿತ್ತು. ಮೌಶಿ, ಚಾಚಿ ಇಬ್ಬರೂ ನನ್ನ ಚಾಪೆಗೆ ತಾಗಿಕೊಂಡೇ ಕೂತು, ಬ್ಯಾಡಗಿಯ ಅಂಗಡಿಯವರನ್ನು ಬೈಯುತ್ತಾ ತೊಟ್ಟು ಮುರಿಯುತ್ತಿದ್ದರು. ಬಿಸಿನೀರಿನ ಚೀಲವನ್ನು ಯಾರೋ ಮತ್ತೆ ತುಂಬಿಸಿದ್ದರು. ಅದರ ಮೇಲೆ ಕೆಂಪು ಬೆರಳಚ್ಚು. ಅದನ್ನು ಹೊಟ್ಟೆಗೆ ಒತ್ತಿಕೊಂಡು, ಗೋಡೆಯ ಕಡೆಗಲ್ಲ, ಅವರ ಕಡೆಗೆ ಹೊರಳಿದೆ. ಮುಖ ಹೇಗೆ ಕಾಣುತ್ತಿದೆ ಎಂದು ಯೋಚಿಸದೆ ಮತ್ತೆ ನಿದ್ದೆಹೋದೆ.