ಹುಳು ಬಿಟ್ಟುಕೊಟ್ಟ ದಾರಿ

ಶಕುನ, ದೃಷ್ಟಿ, ಗಾಳಿ ಸೋಕುವುದು ಎಂದೆಲ್ಲ ಮಾತಾಡುವವರನ್ನು ಕಂಡರೆ ನನಗೆ ಮೊದಲಿಂದಲೂ ತಾತ್ಸಾರ. ಅಂಥವರು ಕಥೆ ಶುರುಮಾಡಿದರೆ ಅವರ ಮುಖದೆದುರೇ ಆಕಳಿಸುತ್ತಿದ್ದೆ. ಇದನ್ನು ಓದಿ ನೀವೂ ಆಕಳಿಸಿದರೆ ನನಗೇನೂ ಬೇಸರವಿಲ್ಲ. ಆದರೆ ಸೂಲಿಬೆಲೆ ಕಡೆಯ ಒಂದು ಹಳ್ಳಿಯಲ್ಲಿ, ಹಾಡಹಗಲಲ್ಲಿ ಕಣ್ಣಾರೆ ಕಂಡದ್ದನ್ನು ಎಷ್ಟು ವರ್ಷವೆಂದು ಹೊಟ್ಟೆಯಲ್ಲಿಟ್ಟುಕೊಂಡಿರಲಿ?

ಮೊದಲು ನನ್ನ ಕಸುಬಿನ ವಿಷಯ ಹೇಳಬೇಕು. ಹೈಟೆನ್ಷನ್ ಲೈನು, ಗ್ಯಾಸ್ ಪೈಪು, ನೀರಿನ ಕೊಳವೆ, ಹೀಗೆ ಊರೂರು ದಾಟಿ ಉದ್ದಕ್ಕೆ ಹೋಗುವ ಕಾಮಗಾರಿಗಳಿಗೆ ಪರಿಸರ ವರದಿ ಬರೆದುಕೊಡುವ ಒಂದು ಖಾಸಗಿ ಕಚೇರಿಯಲ್ಲಿ ನನ್ನ ಕೆಲಸ. ವರದಿಯಲ್ಲಿ ಮೂರು ಮಾರ್ಗ ತೋರಿಸಬೇಕು ಎಂಬುದು ಪದ್ಧತಿ. ಮೂರನ್ನೂ ಹೋಲಿಸಿ, ಕೆರೆಗೆ, ಮರಗಳಿಗೆ, ಮನೆಗಳಿಗೆ ಯಾವುದರಿಂದ ಕಡಿಮೆ ಹಾನಿಯೋ ಅದನ್ನು ಆರಿಸಬೇಕು. ಕೇಳಲು ಎಷ್ಟು ಚೆಂದ! ನಿಜದಲ್ಲಿ, ಲೈನು ಎಲ್ಲಿ ಹೋಗಬೇಕೆಂದು ಕಂಪನಿಯವರು ಮೊದಲೇ ತೀರ್ಮಾನಿಸಿರುತ್ತಾರೆ. ಅದು ಮೂರನೆಯ ಮಾರ್ಗ. ಉಳಿದೆರಡನ್ನು ನಮ್ಮಂಥವರು ಕಂಪ್ಯೂಟರ್ ಮುಂದೆ ಟೀ ಕುಡಿಯುತ್ತಾ ಹುಟ್ಟಿಸುತ್ತೇವೆ. ಒಂದನ್ನು ಕೆರೆಯ ಹೊಟ್ಟೆಯ ಮೇಲೆ ಹಾಯಿಸುತ್ತೇವೆ, ಇನ್ನೊಂದನ್ನು ಜನರ ಸೂರಿನ ಮೇಲೆ. ಸೀರೆ ಅಂಗಡಿಯವನು ಮೊದಲು ಎರಡು ಕಳಪೆ ಸೀರೆ ಬಿಡಿಸಿ ಹಾಕುತ್ತಾನಲ್ಲ, ಹಾಗೆ. ವರದಿ ಬರೆಯುವವನಿಗೂ ಇದು ಗೊತ್ತು, ಓದುವವನಿಗೂ ಗೊತ್ತು. ಓದುವವನು ಇದ್ದರೆ.

ಆ ಸಲದ ಲೈನು ಹೊಸಕೋಟೆ ತಾಲ್ಲೂಕಿನಲ್ಲಿ ಹಾಯುವಂಥದ್ದು. ಮೂರನೆಯ ಮಾರ್ಗ ಒಂದು ನೀಲಗಿರಿ ತೋಪಿನ ಪಕ್ಕದ ಬೀಳು ಜಮೀನಿನಲ್ಲಿ ಹೋಗುತ್ತಿತ್ತು. ಎರಡನೆಯದನ್ನು ನಾನೇ ಎಳೆದೆ. ಆ ಕಡೆ ಒಂದು ಚುಕ್ಕಿ, ಈ ಕಡೆ ಒಂದು ಚುಕ್ಕಿ, ನಡುವೆ ನೇರವಾಗಿ ಒಂದು ಗೆರೆ. ಕೆಳಗೆ ಯಾರ ಹೊಲವಿದೆ, ಯಾರ ಮನೆಯಿದೆ ಎಂದು ನಕ್ಷೆಯನ್ನು ಹಿಗ್ಗಿಸಿ ನೋಡಲೂ ಇಲ್ಲ. ಬಿಸಾಡುವ ಗೆರೆಗೆ ಅಷ್ಟೆಲ್ಲ ಉಪಚಾರ ಯಾಕೆ? ಆ ನಕ್ಷೆ ಆಗಿನ್ನೂ ನನ್ನ ಲ್ಯಾಪ್‌ಟಾಪಿನಲ್ಲೂ ಫೋನಿನಲ್ಲೂ ಮಾತ್ರ ಇತ್ತು. ನಮ್ಮ ಸಾಹೇಬರಿಗೂ ಇನ್ನೂ ತೋರಿಸಿರಲಿಲ್ಲ.

ಮುಂದಿನ ವಾರ ಮರಗಳ ಎಣಿಕೆಗೆಂದು ಆ ಹಳ್ಳಿಗೆ ಹೋದೆ. ಪಂಚಾಯ್ತಿ ಕಟ್ಟಡದಲ್ಲಿ 'ಸಮಾಲೋಚನೆ' ಎಂಬ ಶಾಸ್ತ್ರವೂ ನಡೆಯಿತು. ಊರಿನವರು ಉಪ್ಪಿಟ್ಟು ಕೇಸರಿಬಾತು ತಿಂದರು, ನಾವು ಫೋಟೋ ತೆಗೆದೆವು, ಪರಿಸರದ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಹೊರಗೆ ಬಂದಾಗ ನಡುವಯಸ್ಸಿನ ಹೆಂಗಸೊಬ್ಬಳು ನನಗೆ ಅಡ್ಡ ಬಂದು ನಿಂತಳು. ಹೆಸರು ರತ್ನಮ್ಮ, ರೇಷ್ಮೆ ಸಾಕುವವಳು.

"ತೋಪಿನತ್ರ ಮಿಷನ್ನು ಇಟ್ಕಂಡು ಅಳೀತಿದ್ದೋರು ನೀವೇ ಅಲ್ವಾ ಸಾರ್? ಒಸಿ ನಮ್ಮ ಹುಳುಮನೆಗೆ ಬಂದ್ಬಿಟ್ಟು ಹೋಗಿ" ಎಂದಳು.

ರೇಷ್ಮೆ ಸಾಕುವವರು ಹುಳುಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ರೋಗ ತಗುಲುತ್ತದೆಂದು ನೆಂಟರನ್ನೂ ಹೊಸಿಲಾಚೆಯೇ ನಿಲ್ಲಿಸುತ್ತಾರೆ. ಅಂಥದ್ದರಲ್ಲಿ ಗುರುತು ಪರಿಚಯ ಇಲ್ಲದ ನನ್ನನ್ನು ಕರೆದಳು. ನನ್ನ ಕಾಲು ತೊಳೆಸಿ, ಬಾಗಿಲಲ್ಲಿ ಹರಡಿದ್ದ ಸುಣ್ಣದ ಪುಡಿ ತುಳಿಸಿ ಒಳಗೆ ಬಿಟ್ಟಳು. ಜಗಲಿಯ ಮೇಲೆ ಕೂತಿದ್ದ ಅವಳ ಗಂಡ ಪಿಳ್ಳಪ್ಪನಿಗೆ ಇದು ಸರಿಬರಲಿಲ್ಲ.

"ಯಾರ್ ಯಾರನ್ನೋ ಒಳಗ್ ಬಿಡ್ತೀಯಲ್ಲೇ, ದೃಷ್ಟಿ ಬಿದ್ದೇ ಹಿಂಗಾಗಿರೋದು" ಎಂದು ಗೊಣಗಿದ. ನಾನು ಮನಸ್ಸಿನಲ್ಲೇ ನಕ್ಕೆ. ಇಂಥವರ ವೋಟಿನಿಂದ ದೇಶ ನಡೆಯಬೇಕಲ್ಲಪ್ಪ ಎಂದುಕೊಂಡೆ.

ಒಳಗೆ ಚಂದ್ರಿಕೆಗಳನ್ನು ಸಾಲಾಗಿ ಓರೆ ನಿಲ್ಲಿಸಿದ್ದರು. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ದೊಡ್ಡ ತಟ್ಟಿಗಳವು. ಎಲ್ಲದರ ಮೇಲೂ ಹಳದಿ ಗೂಡುಗಳು ಒತ್ತೊತ್ತಾಗಿ ತುಂಬಿದ್ದವು. ಆದರೆ ಪ್ರತಿಯೊಂದು ಚಂದ್ರಿಕೆಯಲ್ಲೂ ಮೇಲಿಂದ ಕೆಳಗಿನವರೆಗೆ ಅಂಗೈ ಅಗಲದ ಒಂದು ಪಟ್ಟಿ ಬರಿದಾಗಿತ್ತು. ಅಲ್ಲಿ ಒಂದೇ ಒಂದು ಗೂಡಿಲ್ಲ. ಪಕ್ಕದಲ್ಲಿ ಜಾಗ ಸಾಲದೆ ಎರಡೆರಡು ಹುಳು ಸೇರಿ ಜೋಡಿ ಗೂಡು ಕಟ್ಟಿಕೊಂಡಿದ್ದವು. ಮಾರುಕಟ್ಟೆಯಲ್ಲಿ ಜೋಡಿ ಗೂಡನ್ನು ಯಾರೂ ಮೂಸಿ ನೋಡುವುದಿಲ್ಲ.

"ಗಾಳಿ ಬೆಳಕು ಹೆಚ್ಚುಕಮ್ಮಿ ಆಗಿರುತ್ತೆ ಬಿಡಮ್ಮ" ಎಂದೆ, ಏನೂ ಗೊತ್ತಿಲ್ಲದಿದ್ದರೂ.

"ಇಲಾಖೆಯೋರೂ ಅದನ್ನೇ ಅಂದ್ರು ಸಾರ್. ಹೋದ ಬೆಳೇಲೂ ಹಿಂಗೇ ಆಯ್ತು. ಅದಕ್ಕೇ ಈ ಸಲ ಚಂದ್ರಿಕೆನೆಲ್ಲಾ ತಿರುಗ್ಸಿ ಅಡ್ಡ ಜೋಡಿಸ್ದೆ. ಹುಳ ಮಾತ್ರ ಮನೇಲಿ ಅದೇ ಜಾಗಾನೇ ಬಿಟ್ಟವೆ. ಈ ಮೂಲೇಲಿ ನಿಂತ್ಕಂಡು ನೋಡಿ."

ನಿಂತು ನೋಡಿದೆ. ಒಂದು ಚಂದ್ರಿಕೆಯ ಎಡಗಡೆ ಇದ್ದ ಪಟ್ಟಿ ಮುಂದಿನದರಲ್ಲಿ ತುಸು ಬಲಕ್ಕೆ ಸರಿದಿತ್ತು, ಅದರ ಮುಂದಿನದರಲ್ಲಿ ಇನ್ನೂ ತುಸು. ಎಲ್ಲವೂ ಕೂಡಿಕೊಂಡು ಆ ಮೂಲೆಯಿಂದ ಎದುರಿನ ಕಿಟಕಿಯವರೆಗೆ ಒಂದು ನೇರ ಗೆರೆ. ಕಿಟಕಿಯಾಚೆ ಹಿಪ್ಪುನೇರಳೆ ತೋಟ, ತೋಟದ ಕೊನೆಗೆ ಒಂಟಿ ತಾಳೆಮರ.

ತಮಾಷೆಗೆಂದೇ ಫೋನು ತೆಗೆದು ನಕ್ಷೆ ತೆರೆದೆ. ನಾನು ನಿಂತ ಜಾಗ ತೋರಿಸುವ ನೀಲಿ ಚುಕ್ಕಿ ಎರಡನೆಯ ಮಾರ್ಗದ ಮೇಲೇ ಕೂತಿತ್ತು. ದಿಕ್ಕು ನೋಡಿದೆ, ಅದೂ ಅದೇ. ಫೋನಿಗೆ ಮಂಕು ಹಿಡಿದಿದೆ ಎಂದು ಬೈದುಕೊಂಡು ತೋಟ ದಾಟಿ ತಾಳೆಮರದ ಬುಡಕ್ಕೆ ಹೋದೆ. ಅಲ್ಲೂ ಚುಕ್ಕಿ ಗೆರೆಯ ಮೇಲೇ ಇತ್ತು. ನೆತ್ತಿ ಸುಡುವ ಬಿಸಿಲಲ್ಲಿ ಫೋನು ಆರಿಸಿ ಮತ್ತೆ ಹಚ್ಚಿದೆ, ಚುಕ್ಕಿ ಕದಲಲಿಲ್ಲ. ಆಮೇಲೆ ಇನ್ನೊಂದು ಮಾತು ಹೊಳೆಯಿತು. ಆ ಗೆರೆ ಎಳೆದು ಒಂದು ವಾರವಾಗಿತ್ತು, ಅಷ್ಟೇ. ಹೋದ ಬೆಳೆಯ ಹುಳುಗಳು ಜಾಗ ಬಿಟ್ಟಾಗ ಗೆರೆಯೇ ಇರಲಿಲ್ಲ.

ರತ್ನಮ್ಮ ಹಿಂದೆಯೇ ಬಂದಿದ್ದಳು. "ಏನ್ ಸಾರ್, ನಮ್ಮ ಹುಳುಮನೆ ಮೇಲೆ ಲೈನು ಬರ್ತೈತಾ? ಇರೋ ಮನೆ ಭಾಗದಲ್ಲಿ ಮೈದುನಂದಿರಿಗೆ ಹೋಯ್ತು. ಇದೊಂದೇ ನಾನು ಕೈಯಾರೆ ಇಟ್ಟಿಗೆ ಹೊತ್ತು ಕಟ್ಟಿರೋದು. ಇದಕ್ಕೇನೂ ಆಗಲ್ಲ ತಾನೇ?"

ಅಂಥ ಲೈನಿನ ಕೆಳಗೆ ಯಾವ ಕಟ್ಟಡವನ್ನೂ ಉಳಿಸುವುದಿಲ್ಲ. ಆದರೆ ಎರಡನೆಯ ಮಾರ್ಗದಲ್ಲಿ ಯಾರು ಲೈನು ಎಳೆಯುತ್ತಾರೆ? "ಖಂಡಿತ ಏನೂ ಆಗಲ್ಲ. ಲೈನು ಹೋಗೋದು ತೋಪಿನ ಕಡೆ" ಎಂದೆ. ಅದು ಆವತ್ತಿಗೆ ಶುದ್ಧ ಸತ್ಯ. ದಾರಿಯಲ್ಲಿ ಬರುತ್ತಾ ಬರುತ್ತಾ ಹೆದರಿಕೆ ಇಳಿದು ಮತ್ತೆ ತಾತ್ಸಾರ ಏರಿತು. ಹುಳುವಿಗೆ ಏನೋ ತಿಳಿದಿದೆ ಎಂದೇ ಇಟ್ಟುಕೊಳ್ಳಿ, ಎಂಥ ದಡ್ಡ ಹುಳು! ನಮ್ಮ ವರದಿಯ ಎರಡನೆಯ ಮಾರ್ಗವನ್ನು ನಿಜವೆಂದು ನಂಬಿದ ಜೀವಿ ಈ ಭೂಮಿಯ ಮೇಲೆ ಅದೊಂದೇ ಇರಬೇಕು.

ಸಾಹೇಬರಿಗೆ ಹೇಳಿದಾಗ ಅವರು ಬಿದ್ದು ಬಿದ್ದು ನಕ್ಕರು. "ಆ ಹುಳುನ ನಮ್ಮ ಆಫೀಸ್‌ಗೆ ಸೇರಿಸ್ಕೊಳ್ಳೋಣ ಗುರು, ಸಂಬಳ ಕೇಳಲ್ಲ, ಬರೀ ಸೊಪ್ಪು ಹಾಕಿದ್ರೆ ಸಾಕು" ಎಂದರು. ನಾನೂ ನಕ್ಕೆ.

ಕೆಲವು ತಿಂಗಳ ಮೇಲೆ ಅದೇ ಸಾಹೇಬರು ನನ್ನ ಟೇಬಲ್ ಹತ್ತಿರ ಬಂದು ನಿಂತರು. ತೋಪಿನ ಪಕ್ಕದ ಬೀಳನ್ನು ಯಾರೋ ದೊಡ್ಡವರು ಆಗಷ್ಟೇ ಕೊಂಡಿದ್ದರಂತೆ. ಅಲ್ಲಿ ವಿಲ್ಲಾ ಬಡಾವಣೆ ಆಗುತ್ತದಂತೆ. ವಿಲ್ಲಾದಲ್ಲಿ ಕೂತು ಕಾಫಿ ಕುಡಿಯುವವರ ಕಣ್ಣಿಗೆ ಟವರ್ ಬೀಳಬಾರದಂತೆ. "ಮೂರನೇದು ಬೇಡ್ವಂತೆ. ಎರಡನೇದನ್ನೇ ಸೂಕ್ತ ಅಂತ ತಿದ್ಬಿಡಿ" ಎಂದರು.

"ಅಲ್ಲಿ ರೇಷ್ಮೆಯವರ ಮನೆ ಇದೆ ಸಾರ್" ಎಂದೆ.

"ಅದು ಮನೆ ಎಲ್ಲಪ್ಪಾ, ಶೆಡ್ಡು. ತಾತ್ಕಾಲಿಕ ಕಟ್ಟಡ ಅಂತ ಹಾಕಿ."

ಆಗದು ಎಂದು ನಾನು ಬರೆದುಕೊಟ್ಟ ಟಿಪ್ಪಣಿಯನ್ನು ವರದಿಯ ಕೊನೆಯ ಅನುಬಂಧದಲ್ಲಿ ಮರ್ಯಾದೆಯಿಂದ ಹೂತರು. ಮೊದಲು 'ಜನವಸತಿಗೆ ತೀವ್ರ ಹಾನಿ' ಎಂದಿದ್ದ ಕಡೆಯೆಲ್ಲ 'ನಗಣ್ಯ ಹಾನಿ' ಎಂದಾಯಿತು. ಕೆರೆ ಹಕ್ಕಿಗಳ ಬಗ್ಗೆ ಒಂದು ಒಳ್ಳೆಯ ಪ್ಯಾರಾ ಕೂಡ ಸೇರಿತು. ಒಪ್ಪಿಗೆ ಬಂತು. ಹುಳುಮನೆ ಹೋಯಿತು. ಈಗ ಅದಿದ್ದ ಜಾಗದ ಮೇಲೆ, ಮೂಲೆಯಿಂದ ಕಿಟಕಿಯ ಕಡೆಗೆ, ತಂತಿಗಳು ಗುಂಯ್‌ಗುಡುತ್ತಾ ಹಾದುಹೋಗಿವೆ. ತಾಳೆಮರವನ್ನೂ ಕಡಿದರು.

ಇದಕ್ಕೆ ವಿವರಣೆ ನನ್ನ ಹತ್ತಿರ ಇಲ್ಲ. ನಾನು ಗೆರೆ ಎಳೆಯುವ ಮೊದಲೇ, ಆ ಜಮೀನು ಕೈಬದಲಾಗುವ ಮೊದಲೇ, ಅನ್ನ ಹಾಕಿದವಳ ಮನೆ ಯಾವ ಸಾಲಿನಲ್ಲಿ ಒಡೆಯುತ್ತದೆಂದು ಸೊಪ್ಪು ತಿನ್ನುವ ಹುಳುಗಳಿಗೆ ಹೇಗೆ ತಿಳಿಯಿತು? ವಿಜ್ಞಾನ ಓದಿದ ಒಬ್ಬಿಬ್ಬರನ್ನು ಕೇಳಿದೆ. ಅವರು ನನ್ನ ಮುಖದೆದುರೇ ಆಕಳಿಸಿದರು.

ರತ್ನಮ್ಮ ಹಟ ಬಿಡುವವಳಲ್ಲ. ತೋಟದ ಇನ್ನೊಂದು ತುದಿಯಲ್ಲಿ ಹೊಸ ಹುಳುಮನೆ ಕಟ್ಟಿದಳು ಎಂದು ಕೇಳಿದ್ದೆ. ನನ್ನನ್ನು ಒಂದು ದಿನವೂ ಬೈದವಳಲ್ಲ. ಮೊನ್ನೆ ಮಧ್ಯಾಹ್ನ ಅವಳ ಫೋನು ಬಂತು.

"ಸಾರ್, ನಾನು ರತ್ನಮ್ಮ. ಹೊಸ ಮನೇಲಿ ಬೆಳೆ ಚೆನ್ನಾಗೇ ಬರ್ತಿತ್ತು. ಈ ಸಲ ಮತ್ತೆ ಪಟ್ಟಿ ಬಿಟ್ಟವೆ. ಬಾಗ್ಲಿಂದ ಹಿಡಿದು ಸೀದಾ ಊರ ಕೆರೆ ಕಡೆಗೆ. ಈ ಕಡೆ ಏನ್ ಬರ್ತೈತೆ ಸಾರ್?"

ಲ್ಯಾಪ್‌ಟಾಪು ತೆರೆದು ಅವಳ ಊರಿನ ನಕ್ಷೆಯನ್ನು ಈ ಸಲ ಚೆನ್ನಾಗಿ ಹಿಗ್ಗಿಸಿ ನೋಡಿದೆ. ಅಲ್ಲಿ ಯಾವ ಗೆರೆಯೂ ಇಲ್ಲ. ಲೈನಿಲ್ಲ, ಪೈಪಿಲ್ಲ, ರಸ್ತೆಯಿಲ್ಲ. ಏನೂ ಬರುವುದಿಲ್ಲ ಎಂದು ಹೇಳಬೇಕಿತ್ತು, ಆದರೆ ಹಿಂದೆ ಒಂದು ಸಲ ಹಾಗೆ ಹೇಳಿದವನೂ ನಾನೇ. ಹುಳು ಬಿಟ್ಟ ಪಟ್ಟಿ ಕೆರೆ ದಾಟಿ ಎಲ್ಲಿಗೆ ಹೋಗಿ ಮುಟ್ಟುತ್ತದೋ ನೋಡೋಣವೆಂದು, ಅವಳ ಬಾಗಿಲ ಹತ್ತಿರ ಒಂದು ಚುಕ್ಕಿ ಇಡಲು ಮೌಸು ಹಿಡಿದೆ. ಆ ಎರಡನೆಯ ಮಾರ್ಗವೂ ನನ್ನ ಕೈಯ ಇಂಥದ್ದೇ ಒಂದು ಚುಕ್ಕಿಯಿಂದ ಶುರುವಾಗಿತ್ತು. ಹಿಡಿದವನು ಹಾಗೆಯೇ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡೆ.

"ಸಾರ್, ಇದೀರಾ? ಸಾರ್?" ಎಂದು ಆ ಕಡೆಯಿಂದ ರತ್ನಮ್ಮ ಕೇಳುತ್ತಲೇ ಇದ್ದಳು.