ಶೆಟ್ಟರ ಕಾರಿನಲ್ಲಿ ಏರಿದ ಆಯಿಲು

ಕಲ್ಲಡ್ಕದ ಅಬ್ದುಲ್ ಸಮದ್ ನನ್ನ ಹಳೆಯ ವಿದ್ಯಾರ್ಥಿ. ವ್ಯಾಕರಣ ಅವನ ತಲೆಗೆ ಹತ್ತಲಿಲ್ಲ, ಎಂಜಿನ್ ಹತ್ತಿತು. ಇಪ್ಪತ್ತೆರಡು ವರ್ಷಗಳಿಂದ ಹಳೆಯ ಕಾರುಗಳನ್ನು ಬಿಚ್ಚಿ ಕಟ್ಟುತ್ತಿದ್ದಾನೆ. ಗ್ಯಾರೇಜಿಗೆ ಬೋರ್ಡಿಲ್ಲ, ಹೆಸರೇ ಬಂಡವಾಳ. ಆ ಹೆಸರಿಗೆ ರಮಾನಾಥ ಶೆಟ್ಟರು ಹೋದ ತಿಂಗಳು ಹೊಟೇಲಿನಲ್ಲಿ ಕೂತು ಮಸಿ ಬಳಿದರು.

“ಆರು ತಿಂಗಳ ಹಿಂದೆ ಅವನೇ ಎಂಜಿನ್ ಕಟ್ಟಿದ್ದು. ಈಗ ಬಿಸಿಯಾದರೆ ಸಾಕು, ಆಯಿಲಿನ ಕೆಂಪು ದೀಪ ಮಿಣಮಿಣ ಮಾಡ್ತದೆ. ಹಳೇ ಬೇರಿಂಗನ್ನೇ ಒರೆಸಿ ಹಾಕಿದ್ದಾನೆ ಮಾರಾಯ, ಕಳ್ಳ!”

ಮೇಜಿನ ಸುತ್ತ ಕೂತವರೆಲ್ಲ ತಲೆಯಾಡಿಸಿದರು. ಶೆಟ್ಟರು ಏನು ಹೇಳಿದರೂ ಅವರು ತಲೆಯಾಡಿಸುವವರೇ. “ನನ್ನ ಕಾರು ಆಯಿಲ್ ಕುಡಿಯುವುದೇ ಇಲ್ಲ. ಅಳೆದಾಗಲೆಲ್ಲ ಸ್ವಲ್ಪ ಮೇಲೇ ಉಂಟು, ದೈವದ ದಯೆ” ಎಂದು ಶೆಟ್ಟರು ಹಿಂದೆ ಕೊಚ್ಚಿಕೊಂಡಾಗಲೂ ಹಾಗೆಯೇ ಆಡಿಸಿದ್ದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ!

ಆ ವಾರವೇ ಮೂವರು ಸಮದನನ್ನು ಬಿಟ್ಟು ಬಂಟ್ವಾಳದ ಗ್ಯಾರೇಜಿಗೆ ಹೋದರು. ಸಮದ್ ನನ್ನ ಮನೆಗೆ ಬಂದ.

“ಮಾಸ್ಟ್ರೇ, ನಾಳೆ ಶೆಟ್ರ ಕಾರು ನೋಡ್ತೇನೆ. ನೀವೂ ಬನ್ನಿ. ನನ್ನದೇ ತಪ್ಪಾದರೆ ನಾನೇ ಹೊಟೇಲಿನಲ್ಲಿ ಒಪ್ಪಿಕೊಳ್ತೇನೆ. ಅಲ್ಲದಿದ್ದರೆ ನೀವು ಹೇಳಬೇಕು. ನನ್ನ ಮಾತು ಅಲ್ಲಿ ಯಾರು ಕೇಳ್ತಾರೆ?”

“ಹೇಳ್ತೇನೆ” ಎಂದೆ.

ಮರುದಿನ ಸಮದ್ ಮೊದಲು ಕೆಂಪು ದೀಪದ ಸ್ವಿಚ್ಚು ಕಳಚಿ, ಅಲ್ಲಿಗೆ ಪ್ರೆಶರ್ ಮೀಟರ್ ತಿರುಗಿಸಿ ಎಂಜಿನ್ ಬಿಸಿ ಮಾಡಿದ. ಮುಳ್ಳು ತಳದಲ್ಲೇ ಬಿದ್ದುಕೊಂಡಿತು. ದೀಪ ಸುಳ್ಳು ಹೇಳುತ್ತಿರಲಿಲ್ಲ, ಆಯಿಲಿನ ಒತ್ತಡ ನಿಜಕ್ಕೂ ಇಳಿದಿತ್ತು.

“ಕಂಡಿತಲ್ಲ, ಬೇರಿಂಗ್!” ಎಂದರು ಶೆಟ್ಟರು.

ಸಮದ್ ಎಂಜಿನ್ ನಿಲ್ಲಿಸಿ, ಸ್ವಲ್ಪ ತಣಿದ ಮೇಲೆ ಆಯಿಲ್ ಅಳೆಯುವ ಕಡ್ಡಿ ಎಳೆದ. ಆಯಿಲು ಗೆರೆಗಿಂತ ಎರಡು ಬೆರಳು ಮೇಲಿತ್ತು. ಮೂಸಿ ನೋಡಿ ನನ್ನ ಮೂಗಿಗೂ ಹಿಡಿದ. ಗಮ್ಮೆಂದು ಪೆಟ್ರೋಲ್! ಪೆಟ್ರೋಲ್ ಪಂಪು ಬಿಚ್ಚಿದರೆ ಒಳಗಿನ ರಬ್ಬರ್ ಪದರ ಹರಿದಿತ್ತು. ಅಲ್ಲಿಂದ ಸೋರಿದ ಪೆಟ್ರೋಲ್ ಆಯಿಲಿಗೆ ಸೇರಿ ಮಟ್ಟ ಏರಿಸಿ, ಅದನ್ನು ಒತ್ತಡ ನಿಲ್ಲದಷ್ಟು ನೀರು ಮಾಡಿತ್ತು. ದೈವದ ದಯೆಯಂತೆ, ದಯೆ! ಹೊಸ ಪಂಪು, ಹೊಸ ಆಯಿಲು ಹಾಕಿದ ಮೇಲೆ ಮುಳ್ಳು ಮೇಲೆದ್ದು ನಿಂತಿತು, ಎಂಜಿನ್ ಬಿಸಿಯಾದರೂ ಇಳಿಯಲಿಲ್ಲ. ಬೇರಿಂಗಿಗೆ ಏನೂ ಆಗಿರಲಿಲ್ಲ. ಶೆಟ್ಟರು ಅಷ್ಟು ಹೊತ್ತೂ ಮೊಬೈಲ್ ನೋಡುತ್ತಿದ್ದರು.

ಸಂಜೆ ಹೊಟೇಲಿನಲ್ಲಿ ಅವರದೇ ದರ್ಬಾರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. “ಸಮದ್ ಮಾಡಿದ ತಪ್ಪನ್ನು ಅವನ ಕೈಯಿಂದಲೇ ಸರಿ ಮಾಡಿಸಿದೆ. ಬೇಕಾದರೆ ಕೇಳಿ, ಮಾಸ್ಟ್ರು ಅಲ್ಲೇ ಇದ್ದರು.”

ಎಲ್ಲರೂ ನನ್ನ ಕಡೆ ತಿರುಗಿದರು. ಹನ್ನೆರಡು ವರ್ಷಗಳಿಂದ ಆ ಮೇಜಿನಲ್ಲಿ ನನಗೊಂದು ಕುರ್ಚಿ ಉಂಟು. ನಿವೃತ್ತನಾದವನನ್ನು ಕರೆದು ಕೂರಿಸುವ ಜಾಗ ಬೇರೆ ಇಲ್ಲ.

“ಹೌದು, ಕಾರು ಈಗ ಸರಿಯಾಗಿದೆ” ಎಂದೆ.

ಥೂ, ನನ್ನ ಜನ್ಮಕ್ಕಿಷ್ಟು! ನಲವತ್ತು ವರ್ಷ ಮಕ್ಕಳಿಗೆ ಸತ್ಯ ಹೇಳಿ ಎಂದು ಪಾಠ ಮಾಡಿದ ಬಾಯಿ ಇದು. ತಲೆಯಾಡಿಸುವವರನ್ನು ಬೈಯಲು ನನಗೇನು ಯೋಗ್ಯತೆ?

ಬೆಳಗ್ಗೆ ಸಮದ್ ಗ್ಯಾರೇಜಿನಿಂದ ರಸ್ತೆಗೆ ಓಡಿ ಬಂದ. “ಹೇಳಿದಿರಾ ಮಾಸ್ಟ್ರೇ?”

“ಹೇಳಿದೆ.”

ಅವನು ಮಸಿ ಕೈಯನ್ನು ಅಂಗಿಗೆ ಚೆನ್ನಾಗಿ ಒರೆಸಿಕೊಂಡು, ಆಮೇಲೆ ನನ್ನ ಕೈ ಹಿಡಿದುಕೊಂಡ.